ಭಯಕ್ಕೂ ಕೋಪಕ್ಕೂ ಒಂದೇ ಬೆವರು

ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿ, ಚಾಳುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ರನ್ನನು, 10ನೆಯ ಶತಮಾನದ ತನ್ನ ‘ಗದಾಯುದ್ಧ’ದಲ್ಲಿ, ವೈಶಂಪಾಯನ ಸರೋವರದೊಳಗೆ ಅಡಗಿದ್ದ ದುರ್ಯೋಧನನಿಗೆ ಭೀಮನ ಗರ್ಜನೆ ಕಿವಿಗೆ ಬಿದ್ದೊಡನೆ ಜಲಮಧ್ಯದಲ್ಲಿಯೇ ಮೈ ಬೆವರಿತೆಂದು ವರ್ಣಿಸಿರುವುದು ಕನ್ನಡಿಗರಿಗೆ ಚಿರಪರಿಚಿತ. ಆ ಸ್ವೇದ ಭಯದ್ದೋ ಕ್ರೋಧದ್ದೋ ಎಂದು ಕಾವ್ಯರಸಿಕರು ಜಿಜ್ಞಾಸೆ ನಡೆಸಬಹುದು; ಶರೀರಶಾಸ್ತ್ರವಾದರೋ ಎರಡಕ್ಕೂ ಒಂದೇ ಮೂಲವನ್ನು ಹೇಳುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದಂತೆ, ಕಾದುವುದಕ್ಕೂ ಓಡುವುದಕ್ಕೂ ದೇಹವು ಮಾಡಿಕೊಳ್ಳುವ ಸನ್ನಾಹ ಬಹುಮಟ್ಟಿಗೆ ಒಂದೇ.

ಜಮಖಂಡಿಯ ಕೃಷ್ಣಾತೀರದಲ್ಲಾಗಲಿ, ಬೀಳಗಿಯ ಕಡೆಯ ಘಟಪ್ರಭೆಯ ದಂಡೆಯಲ್ಲಾಗಲಿ, ಕಬ್ಬು ಕಡಿಯುವವನು ಒಣಗಿದ ರವದಿಯನ್ನು ಸರಿಸಿದಾಗ ಕಪ್ಪಗೆ ಸುರುಳಿಯಾಗಿ ಬಿದ್ದ ಡ್ರಿಪ್ ಪೈಪೊಂದು ಕಂಡಿತೆನ್ನಿ. “ಹಾವ್!” ಎಂಬ ಕೂಗು ಪೂರ್ತಿ ಹೊರಡುವ ಮೊದಲೇ ಕಾಲು ಹಿಂದಕ್ಕೆ ಹಾರಿರುತ್ತದೆ. ಬುದ್ಧಿಯು ವಸ್ತುವನ್ನು ವಿಮರ್ಶಿಸಿ ಮುಗಿಸುವುದರೊಳಗೆ ಮೆದುಳಿನ ಅಮಿಗ್ಡಲವು ಅಪಾಯದ ಸುದ್ದಿಯನ್ನು ಹೈಪೊಥಲಾಮಸ್ಸಿಗೆ ಮುಟ್ಟಿಸಿರುತ್ತದೆ. ಅಲ್ಲಿಂದ ನರಗಳ ಮೂಲಕ ಆಜ್ಞೆ ಹರಿದು, ಮೂತ್ರಪಿಂಡಗಳ ಮೇಲ್ಗಡೆಯ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಸ್ರವಿಸುತ್ತವೆ. ಎದಿ ಧಸಕ್ಕಂತು ಎನ್ನುವ ಆ ಗಳಿಗೆಯಲ್ಲಿ ಹೃದಯವು ವೇಗಗೊಳ್ಳುತ್ತದೆ. ಯಕೃತ್ತು ಸಂಚಿತ ಸಕ್ಕರೆಯನ್ನು ಬಿಟ್ಟುಕೊಡುತ್ತದೆ. ಜೀರ್ಣಾಂಗಗಳ ಪಾಲಿನ ರಕ್ತ ಕೈಕಾಲುಗಳ ಸ್ನಾಯುಗಳತ್ತ ತಿರುಗುತ್ತದೆ. ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಅಂಗೈ ಬೆವರುತ್ತದೆ.

ಪೈಪೆಂದು ತಿಳಿದು ಜೊತೆಯವರೆಲ್ಲ ನಕ್ಕ ಮೇಲೂ ಮೊಣಕಾಲಿನ ನಡುಕ ಕೆಲವು ನಿಮಿಷ ನಿಲ್ಲದು, ಏಕೆಂದರೆ ರಕ್ತಕ್ಕಿಳಿದ ರಸ ಒಡನೆಯೇ ಕರಗಿಹೋಗುವುದಿಲ್ಲ. ಇದನ್ನು ಹೇಡಿತನವೆನ್ನುವುದು ಅನ್ಯಾಯ. ಪೈಪನ್ನು ಹಾವೆಂದು ಬಗೆದವನಿಗೆ ನಷ್ಟವಾಗುವುದು ಒಂದು ಜಿಗಿತ ಮಾತ್ರ. ಕೊಳಕುಮಂಡಲವನ್ನು ಪೈಪೆಂದು ಬಗೆದವನಿಗೆ ಪ್ರಾಣವೇ ಹೋಗಬಹುದು. ಆದುದರಿಂದಲೇ ದೇಹವು ತಪ್ಪುವುದಾದರೆ ಅಂಜಿಕೆಯ ಪಕ್ಷದಲ್ಲಿಯೇ ತಪ್ಪುತ್ತದೆ.

ಆದರೆ ರಬಕವಿ-ಬನಹಟ್ಟಿಯ ನೇಕಾರನನ್ನು ಕಾಡುವ ಅಪಾಯ ನೂಲಿನ ದರದಲ್ಲಿಯೂ ಸಾಲದ ನೋಟೀಸಿನಲ್ಲಿಯೂ ಇರುತ್ತದೆ. ಹೊಡೆಯಲು ಶತ್ರುವಿಲ್ಲದ, ಓಡಲು ದಾರಿಯಿಲ್ಲದ ಈ ಭಯಕ್ಕೂ ದೇಹ ಅದೇ ಸನ್ನಾಹದಿಂದ ಓಗೊಡುತ್ತದೆ. ಕಾರ್ಟಿಸಾಲ್ ಎಂಬ ಇನ್ನೊಂದು ರಸವೂ ಸೇರಿ ಸಕ್ಕರೆಯನ್ನು ರಕ್ತದಲ್ಲಿ ಏರಿಸುತ್ತದೆ. ಮಗ್ಗದ ಮುಂದೆಯೇ ನಿಂತವನ ಸ್ನಾಯುಗಳಿಗೆ ಅದೆಲ್ಲ ಬೇಕಾಗುವುದಿಲ್ಲ. ತಿಂಗಳುಗಟ್ಟಲೆ ಹೀಗೆಯೇ ನಡೆದರೆ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ. ಅಂಥವನಿಗೆ ವೈದ್ಯರು ಗುಳಿಗೆಯೊಡನೆ ನಡಿಗೆಯನ್ನೂ ವಿಧಿಸುವುದು ಯುಕ್ತವೇ ಸರಿ: ಓಡಲೆಂದು ಸಿದ್ಧವಾದ ಮೈಗೆ ನಡೆಯುವುದಕ್ಕಾದರೂ ಅವಕಾಶ ಬೇಡವೆ?