ಚೊಚ್ಚಲ ಕಾದಂಬರಿಗೆ ಊರ ಕೆರೆ ಸಾಲದೇ?

ಗೋವಿನಕೋವಿ ಎಂಬ ಹೆಸರನ್ನು ಮೊದಲ ಸಲ ಕೇಳಿದ ಹುಡುಗರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಗೋವಿಗೂ ಕೋವಿಗೂ ಏನು ಸಂಬಂಧ? ಕೋವಿ ಎಂದರೆ ಬಂದೂಕು. ನಳಿಕೆ ಎಂಬ ಅರ್ಥವೂ ಈ ಪದಕ್ಕೆ ಉಂಟು. ಹಾಗಾದರೆ ಇಲ್ಲಿ ಬಂದೂಕು ಹಿಡಿದವರು ಯಾರು, ಗೋವನ್ನು ಕಾದವರು ಯಾರು? ಇಂಥ ಪ್ರಶ್ನೆಗೆ ಜಗಲಿಯ ಮೇಲೆ ಕುಳಿತ ಹಿರಿಯರು ತಲೆಗೊಂದು ಉತ್ತರ ಕೊಡುತ್ತಾರೆ. ಒಬ್ಬರ ಉತ್ತರದಲ್ಲಿ ಪಾಳೆಯಗಾರ ಬಂದರೆ, ಇನ್ನೊಬ್ಬರ ಉತ್ತರದಲ್ಲಿ ದೇವರೇ ಬರುತ್ತಾನೆ. ಕೇಳಿದ ಮಗು ಸುಮ್ಮನಾಗದೆ ಮುಂದಿನ ಪ್ರಶ್ನೆ ಹಾಕಿತೆಂದರೆ ಅಲ್ಲಿಗೆ ಒಂದು ಕಾದಂಬರಿ ಶುರುವಾಯಿತೆಂದೇ ತಿಳಿಯಬೇಕು.

ಇತಿಹಾಸ, ಅದ್ಭುತ, ರಹಸ್ಯ, ಪ್ರೇಮ ನಾಲ್ಕನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ ಚೊಚ್ಚಲ ಕಾದಂಬರಿಗಳಿಗೆ ಈಗ ಇಂಗ್ಲಿಷ್ ಪುಸ್ತಕದಂಗಡಿಗಳಲ್ಲಿ ಭಾರೀ ಬೇಡಿಕೆ. ಮಕ್ಕಳು ಅವನ್ನು ತಂದು ಓದುತ್ತಾರೆ. ಪರೀಕ್ಷೆ ಹತ್ತಿರ ಬಂತು, ಹುಡುಗಿ ಇನ್ನೂ ಕಥೆ ಪುಸ್ತಕ ಹಿಡಿದು ಕೂತಿದ್ದಾಳೆ ಎಂದು ತಂದೆತಾಯಿ ಚಿಂತೆ ಮಾಡುತ್ತಾರೆ. ಇದು ಹೊಸ ಖಯಾಲಿ ಎಂದು ಭಾವಿಸುವವರೂ ಇದ್ದಾರೆ. ಆದರೆ ಈ ಬೆರಕೆ ಬಹಳ ಹಳೆಯದು.

1764ರಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಎಂಬ ಕಾದಂಬರಿ ಹೊರತಂದ. ಹಳೆಯ ಕೋಟೆ, ಆಕಾಶದಿಂದ ಬೀಳುವ ದೈತ್ಯ ಶಿರಸ್ತ್ರಾಣ, ಅಪಾಯದಲ್ಲಿ ಸಿಕ್ಕ ಕನ್ಯೆ, ಗುಟ್ಟಾಗಿದ್ದ ವಂಶದ ಕಥೆ, ಎಲ್ಲ ಅದರಲ್ಲಿ ಇದ್ದವು. ತಮಾಷೆಯೆಂದರೆ ಆತ ತನ್ನ ಹೆಸರನ್ನೇ ಹಾಕಲಿಲ್ಲ. ಹಳೆಯ ಇಟಾಲಿಯನ್ ಪುಸ್ತಕವೊಂದು ಸಿಕ್ಕಿತು, ಅದರ ಅನುವಾದವಿದು ಎಂದು ಮೊದಲ ಮುದ್ರಣದಲ್ಲಿ ಬರೆದ. ಪುಸ್ತಕ ಜನಪ್ರಿಯವಾದ ಮೇಲೆಯೇ ಕರ್ತೃ ತಾನೆಂದು ಒಪ್ಪಿಕೊಂಡದ್ದು. ಸರ್ ವಾಲ್ಟರ್ ಸ್ಕಾಟ್ ಕೂಡ 1814ರಲ್ಲಿ ತನ್ನ ಮೊದಲ ಕಾದಂಬರಿ ‘ವೇವರ್ಲಿ’ಯನ್ನು ಹೆಸರಿಲ್ಲದೆಯೇ ಪ್ರಕಟಿಸಿದ. ಮೊದಲ ಕಾದಂಬರಿ ಬರೆದವರಿಗೆ ಅಳುಕು ಇದ್ದೇ ಇರುತ್ತದೆ, ಅವರು ಎಷ್ಟೇ ದೊಡ್ಡವರಾಗಿರಲಿ!

ಬಂಗಾಳದ ಬಂಕಿಮಚಂದ್ರ ಚಟರ್ಜಿಯವರು ಬಂಗಾಳಿಯಲ್ಲಿ ಬರೆದ ಮೊದಲ ಕಾದಂಬರಿ ‘ದುರ್ಗೇಶನಂದಿನಿ’ (1865). ಮೊಗಲರು, ಪಠಾಣರ ಕಾಲದ ಯುದ್ಧದ ನಡುವೆ ಅರಳಿದ ಪ್ರೇಮಕಥೆ ಅದು. ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿದ್ದ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಅದನ್ನು 1885ರಲ್ಲಿ ಕನ್ನಡಕ್ಕೆ ತಂದರು. ಕಚೇರಿ ಕೆಲಸ ಮುಗಿಸಿ ಬಂದು, ದೂರದ ಭಾಷೆಯೊಂದನ್ನು ಕಲಿತು, ಕನ್ನಡಿಗರಿಗೆ ಕಾದಂಬರಿ ಓದುವ ಚಟ ಹತ್ತಿಸಿದ ಮಹನೀಯರು ಅವರು. ಅದಕ್ಕೂ ಮೊದಲೇ, 1823ರಲ್ಲಿ, ಕೆಂಪುನಾರಾಯಣ ‘ಮುದ್ರಾಮಂಜೂಷ’ ಬರೆದಿದ್ದ. ನಂದರ ಪತನ, ಚಾಣಕ್ಯನ ತಂತ್ರ, ಮುದ್ರೆಯುಂಗುರದ ಗುಟ್ಟು ಸೇರಿದ ಆ ಗದ್ಯಕೃತಿಯನ್ನೇ ಕನ್ನಡದ ಮೊದಲ ಕಾದಂಬರಿ ಎನ್ನುವವರಿದ್ದಾರೆ. ಹಾಗೆ ಎಣಿಸಿದರೆ ಕನ್ನಡದ ಚೊಚ್ಚಲ ಕಾದಂಬರಿಯೇ ಇತಿಹಾಸ ಮತ್ತು ರಹಸ್ಯದ ಬೆರಕೆ ಆಗುತ್ತದೆ.

ಈಗ ಮತ್ತೆ ಹೊಳೆಯ ದಂಡೆಗೆ ಬರೋಣ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿದ ಮೇಲೆ ಹೊಳೆ ಹೊನ್ನಾಳಿ ಸೀಮೆ ದಾಟಿ ಹರಿಹರದತ್ತ ಸಾಗುತ್ತದೆ. ಅದರ ಜಾಡು ಹಿಡಿದು ಹೊರಟರೆ ಕನ್ನಡದ ಐತಿಹಾಸಿಕ ಕಾದಂಬರಿಯ ಜಾಡೂ ಸಿಗುತ್ತದೆ ಎಂಬುದನ್ನು ಇಲ್ಲಿನ ಮಕ್ಕಳಿಗೆ ಯಾರೂ ಹೇಳಿದಂತಿಲ್ಲ.

ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ 1920ರಲ್ಲಿ ಹುಟ್ಟಿದವರು ತ.ರಾ. ಸುಬ್ಬರಾವ್, ಅಂದರೆ ಎಲ್ಲರ ಬಾಯಲ್ಲಿ ತ.ರಾ.ಸು. ಚಿತ್ರದುರ್ಗದ ಪಾಳೆಯಗಾರರ ಮನೆಯೊಳಗಿನ ಸಂಚು, ಸೇಡು, ಪ್ರೀತಿಗಳನ್ನು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ಅವರು ಬರೆದಾಗ ಓದುಗರು ಊಟ ಬಿಟ್ಟು ಓದಿದರು. ‘ಹಂಸಗೀತೆ’ಯಲ್ಲಿ ಸಂಗೀತಗಾರನೊಬ್ಬನ ಬದುಕಿನ ಒಗಟನ್ನು ಬಿಡಿಸುತ್ತ ಹೋಗುವ ರೀತಿಯಂತೂ ಪತ್ತೇದಾರನ ಕೆಲಸದಂತೆಯೇ ಇದೆ. ಕೊನೆಯ ದೊಡ್ಡ ಕೃತಿ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಪಡೆಯಲು ಅವರು ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಇನ್ನೂ ಕೆಳಗೆ, ವರದಾ ನದಿ ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥವಿದೆ. ಆ ಊರಿನ ಹೆಸರನ್ನೇ ತಮ್ಮ ಹೆಸರಾಗಿ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು ವೃತ್ತಿಯಿಂದ ಶಾಲಾ ಮಾಸ್ತರರು. ‘ಪ್ರಬುದ್ಧ ಪದ್ಮನಯನೆ’ ಅವರ ಮೊದಲ ಕಾದಂಬರಿ. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾವಿಲಾಸ’ 1923ರಲ್ಲಿ ಬಂತು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು ಅವರು. ಹೊಳೆ ಹಂಪೆ ಮುಟ್ಟಿದರೆ ಅಲ್ಲಿ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಎದುರಾಗುತ್ತದೆ. ಲಿಸ್ಬನ್ನಿನ ತೇಜೋ ನದಿಯ ದಂಡೆಯಲ್ಲೊಂದು ಪ್ರೇಮ, ತುಂಗಭದ್ರೆಯ ದಂಡೆಯಲ್ಲೊಂದು ಪ್ರೇಮ. ಅವರಿಗೆ ಇದು ಮೊದಲ ಕಾದಂಬರಿಯೇನಲ್ಲ, ಇತಿಹಾಸದೊಳಕ್ಕೆ ಇಟ್ಟ ಮೊದಲ ದೊಡ್ಡ ಹೆಜ್ಜೆ ಎನ್ನಬೇಕು. ಸಂಡೂರಿನ ಹುಡುಗ ಸಾಫ್ಟ್‌ವೇರ್ ಉದ್ಯೋಗ ಮಾಡಿ ಬಂದು ಬರೆದದ್ದು ಎಂಬುದನ್ನು ಎಂಜಿನಿಯರಿಂಗ್ ಸೀಟಿನ ಚಿಂತೆಯಲ್ಲಿರುವ ತಂದೆತಾಯಿ ಗಮನಿಸಬಹುದು.

ಚನ್ನಗಿರಿ ಕಡೆಯವರಿಗೆ ಹತ್ತಿರವಾಗುವ ಇನ್ನೊಂದು ಪುಸ್ತಕವೂ ಇದೆ. ಕೆಳದಿಯ ಚೆನ್ನಮ್ಮಾಜಿಯಿಂದ ಚನ್ನಗಿರಿಗೆ ಆ ಹೆಸರು ಬಂತೆಂದು ಹೇಳುತ್ತಾರೆ. ಅದೇ ಕೆಳದಿ ಅರಸರ ಕೊನೆಗಾಲವನ್ನು ಮಾಸ್ತಿಯವರು ‘ಚನ್ನಬಸವ ನಾಯಕ’ದಲ್ಲಿ ಬರೆದರು. ಸಣ್ಣಕಥೆಗಳಿಂದ ಹೆಸರಾಗಿದ್ದ ಅವರು ಈ ಮೊದಲ ದೊಡ್ಡ ಕಾದಂಬರಿ ಬರೆದದ್ದು ಐವತ್ತು ದಾಟಿದ ಮೇಲೆ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಅದಕ್ಕೆ ಮೊದಲು, ಸತ್ತನೆಂದು ಸುದ್ದಿಯಾಗಿದ್ದ ಯುವ ಅರಸ ತಾನೇ ಎಂದು ಹೇಳಿಕೊಂಡು ಒಬ್ಬಾತ ಚಿತ್ರದುರ್ಗದ ಮೂಲಕ ಹೈದರನ ಬಳಿ ಹೋಗಿದ್ದ. ಆತ ನಿಜವಾದ ಚನ್ನಬಸವನೋ, ವೇಷಧಾರಿಯೋ? ಇತಿಹಾಸದ ಪುಸ್ತಕದಲ್ಲಿ ಇದು ಎರಡು ಸಾಲು. ಕಾದಂಬರಿಕಾರನಿಗೆ ಎರಡು ಸಾಲು ಧಾರಾಳವಾಗಿ ಸಾಕು.

ಜೋಳದ ತೆನೆಯ ರಹಸ್ಯ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ ಡಾ. ಕೆ.ಎನ್. ಗಣೇಶಯ್ಯನವರ ಮೊದಲ ಕಾದಂಬರಿ ‘ಕನಕ ಮುಸುಕು’. ದಾವಣಗೆರೆ ಜಿಲ್ಲೆಯ ಮಕ್ಕಳು ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು. ಏಕೆಂದರೆ ಇದರ ಕೇಂದ್ರದಲ್ಲಿರುವುದು ಅವರ ಮನೆಯ ಅಂಗಳದಲ್ಲೇ ರಾಶಿ ಬೀಳುವ ಮೆಕ್ಕೆಜೋಳ. ಮುಸುಕಿನ ಜೋಳ ಎಂದರೂ ಅದೇ. ಹೊಳೆಯಾಚೆ ಹಾವೇರಿ ಕಡೆಗೆ ಹೋದರೆ ಅದೇ ಗೋವಿನಜೋಳ. ಗೋವಿನಕೋವಿಯವರಿಗೆ ಈ ಹೆಸರು ಇನ್ನೊಂದು ಪ್ರಶ್ನೆ ಹುಟ್ಟಿಸಿದರೆ ಒಳ್ಳೆಯದೇ!

ಸಂಗತಿ ಹೀಗಿದೆ. ಸೋಮನಾಥಪುರದ ಕೇಶವ ದೇವಾಲಯ 1258ರಲ್ಲಿ ಪ್ರತಿಷ್ಠಾಪನೆಯಾಯಿತು. ಅಲ್ಲಿನ ಕೆಲವು ಶಿಲ್ಪಗಳ ಕೈಯಲ್ಲಿ ಸಾಲುಸಾಲಾಗಿ ಕಾಳು ಕೂಡಿಸಿದಂತಿರುವ ತೆನೆಯಾಕಾರದ ವಸ್ತುವೊಂದಿದೆ. ನೋಡಿದವರಿಗೆ ಇದು ಮೆಕ್ಕೆಜೋಳವೇ ಎನ್ನಿಸುತ್ತದೆ. ಆದರೆ ಮೆಕ್ಕೆಜೋಳದ ತವರು ಮೆಕ್ಸಿಕೊ. ಸುಮಾರು 9000 ವರ್ಷಗಳ ಹಿಂದೆ ಅಲ್ಲಿನ ಜನ ಕಾಡುಹುಲ್ಲೊಂದನ್ನು ಪಳಗಿಸಿ ಅದನ್ನು ಬೆಳೆಯಾಗಿ ಮಾಡಿಕೊಂಡರು. ಕೊಲಂಬಸ್ ಅಮೆರಿಕದತ್ತ ಹಡಗು ಬಿಟ್ಟದ್ದು 1492ರಲ್ಲಿ. ಅಂದರೆ ಸೋಮನಾಥಪುರದ ಗುಡಿ ಎದ್ದು 234 ವರ್ಷಗಳಾದ ಮೇಲೆ! ಹಾಗಾದರೆ ಹೊಯ್ಸಳರ ಶಿಲ್ಪಿ ಇದನ್ನು ಕಂಡದ್ದು ಎಲ್ಲಿ?

1989ರಲ್ಲಿ ಅಮೆರಿಕದ ಭೂಗೋಳ ವಿದ್ವಾಂಸ ಕಾರ್ಲ್ ಜೋಹಾನೆಸನ್ ತನ್ನ ಸಹೋದ್ಯೋಗಿಯೊಂದಿಗೆ ಇದು ಮೆಕ್ಕೆಜೋಳವೇ ಎಂದು ವಾದಿಸಿ ಲೇಖನ ಪ್ರಕಟಿಸಿದರು. ಭಾರತದ ಮೆಕ್ಕೆಜೋಳ ತಜ್ಞರು ಒಪ್ಪಲಿಲ್ಲ. ಅದು ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು, ಮುಕ್ತಾಫಲ ಎಂದರು. ಆ ಕಾಲದ ಮಣ್ಣಿನ ಪದರಗಳಲ್ಲಿ ಸುಟ್ಟ ರಾಗಿ, ಭತ್ತದ ಕಾಳು ಸಿಗುವಂತೆ ಮೆಕ್ಕೆಜೋಳದ ಕಾಳು ಸಿಗಬೇಕಿತ್ತಲ್ಲ ಎಂಬುದು ವಿರೋಧಿಗಳ ಬಲವಾದ ಪ್ರಶ್ನೆ. ಹೆಚ್ಚಿನ ವಿಜ್ಞಾನಿಗಳು ಇಂದಿಗೂ ವಿರೋಧದ ಪಕ್ಷದಲ್ಲೇ ಇದ್ದಾರೆ. ಆಕಾರದ ಹೋಲಿಕೆಯೊಂದೇ ಸಾಕ್ಷ್ಯವಾಗುವುದಿಲ್ಲ. ಮೋಡದಲ್ಲಿ ಆನೆ ಕಂಡರೆ ಆಕಾಶದಲ್ಲಿ ಆನೆಯಿದೆ ಎನ್ನಲಾಗದು.

ಗಣೇಶಯ್ಯನವರು ಈ ವಾದದ ಸುತ್ತ ರೋಚಕ ಕಥೆ ಹೆಣೆದರು. ಅವರ ಬರವಣಿಗೆಯ ಒಂದು ಒಳ್ಳೆಯ ಪದ್ಧತಿಯೆಂದರೆ ಕಥೆಗೆ ಆಧಾರವಾದ ಗ್ರಂಥ, ಲೇಖನ, ಚಿತ್ರಗಳನ್ನು ಜೊತೆಗೇ ಕೊಡುವುದು. ಓದುಗ ಬೇಕಿದ್ದರೆ ಹೋಗಿ ಪರೀಕ್ಷಿಸಬಹುದು. ಪ್ರಯೋಗದ ದಾಖಲೆ ಪುಸ್ತಕ ಬರೆದು ಅಭ್ಯಾಸವಿದ್ದವರ ಗುಣ ಇದು. ಹತ್ತನೆಯ ತರಗತಿಯ ಹುಡುಗ ಈ ಕಾದಂಬರಿ ಓದಿ ಮೆಕ್ಕೆಜೋಳ ಹೊಯ್ಸಳರ ಕಾಲದಲ್ಲೇ ಇತ್ತು ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಹೋಗುತ್ತದೆ. ಹೋಗಬೇಕಾದದ್ದೇ. ಆದರೆ ಅದೇ ಹುಡುಗ ಇದಕ್ಕೆ ಸಾಕ್ಷಿ ಏನು ಎಂದು ಕೇಳಲು ಕಲಿತಿದ್ದರೆ ಕಳೆದುಕೊಂಡ ಎರಡು ಅಂಕಕ್ಕಿಂತ ಹೆಚ್ಚಿನದು ಅವನ ಕೈ ಸೇರಿತು.

ಪಾಲಕರ ನಿಜವಾದ ಭಯವೂ ಇಲ್ಲೇ ಇದೆ. ಕಟ್ಟುಕಥೆಯನ್ನು ಮಕ್ಕಳು ಚರಿತ್ರೆಯೆಂದು ನಂಬಿಬಿಟ್ಟರೆ? ಭಯ ಸಣ್ಣದಲ್ಲ, ದೊಡ್ಡವರೇ ಹಾಗೆ ನಂಬಿ ಜಗಳವಾಡುವುದುಂಟು. ಇದಕ್ಕೆ ಮದ್ದು ಪುಸ್ತಕ ಕಸಿದುಕೊಳ್ಳುವುದಲ್ಲ. ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕಿಸಿ: ದಾಖಲೆಯಲ್ಲಿ ಇರುವುದು, ಜನ ಹೇಳುವುದು, ಬರೆದವರು ಸೇರಿಸಿದ್ದು. ಓದಿದ ಪ್ರತಿ ಅಧ್ಯಾಯವನ್ನೂ ಹೀಗೆ ಬಿಡಿಸಿ ಬರೆಯಲು ಹೇಳಿ. ಬರೆಯುವ ಆಸೆ ಇರುವ ಮಕ್ಕಳಿಗೂ ಇದೇ ಹಾಳೆ ಸಾಕು.

ಸೂಳೆಕೆರೆಯನ್ನೇ ತೆಗೆದುಕೊಳ್ಳಿ. ಚನ್ನಗಿರಿ ತಾಲ್ಲೂಕಿನ ಈ ಮಹಾ ಕೆರೆಗೆ ಶಾಂತಿಸಾಗರವೆಂಬ ಹೆಸರೂ ಇದೆ. ಗುಡ್ಡಗಳ ನಡುವಿನ ಇಕ್ಕಟ್ಟಾದ ಕಂದರಕ್ಕೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ತಡೆದಿದ್ದಾರೆ. ಹೊರಟ ನೀರು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಇದು ಕಣ್ಣೆದುರಿಗಿರುವುದು, ಮೊದಲ ಅಂಕಣಕ್ಕೆ ಸೇರಲಿ. ಶಾಂತವ್ವ ಎಂಬ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಳು, ಆ ಜಾಗ ವೇಶ್ಯೆಯರದಾಗಿತ್ತು, ಕೆರೆಗೆ ತಮ್ಮ ಹೆಸರನ್ನೇ ಇಡಬೇಕೆಂಬ ಷರತ್ತಿನ ಮೇಲೆ ಅವರು ಜಾಗ ಬಿಟ್ಟುಕೊಟ್ಟರು ಎಂಬುದು ಜನರ ಮಾತು. ಇದು ಎರಡನೆಯದು. ಮೂರನೆಯ ಅಂಕಣ ಖಾಲಿ ಇದೆ. ಷರತ್ತು ಹಾಕಿದ ಆ ಹೆಂಗಸರು ಯಾರು? ತಮ್ಮ ಮನೆ ಮುಳುಗುತ್ತದೆಂದು ತಿಳಿದೂ ಹೆಸರೊಂದನ್ನೇ ಏಕೆ ಕೇಳಿದರು? ಏರಿಗೆ ಇದೇ ಕಂದರ ಸರಿ ಎಂದು ಅಳತೆ ಮಾಡಿ ಹೇಳಿದ ಒಡ್ಡನ ಹೆಸರು ಯಾಕೆ ಯಾರ ಬಾಯಲ್ಲೂ ಇಲ್ಲ? ಹತ್ತಿರದ ಸಂತೇಬೆನ್ನೂರಿನ ಪುಷ್ಕರಣಿಯದೂ ಇಂಥದೇ ಕಥೆ. ಪಾಳೆಯಗಾರ ಕಟ್ಟಿಸಿದ ಕೊಳದ ಪಕ್ಕದಲ್ಲೇ ಬಿಜಾಪುರದ ರಣದುಲ್ಲಾಖಾನನ ಮುಸಾಫಿರ್‌ಖಾನಾ ನಿಂತಿದೆ. ಗೆದ್ದವನೂ ಸೋತವನೂ ಒಂದೇ ನೀರಿನ ಎದುರಿಗೆ!

ವಯಸ್ಸಿನ ಮಾತು ಬಂದರೆ ಅವಸರವೇನೂ ಬೇಡ. ಮಠದೊಳಗಿನ ಕೊಲೆಗಳನ್ನು ಕುರಿತ ‘ದಿ ನೇಮ್ ಆಫ್ ದಿ ರೋಸ್’ 1980ರಲ್ಲಿ ಬಂದಾಗ ಇಟಲಿಯ ಉಂಬರ್ತೊ ಇಕೊಗೆ 48 ವರ್ಷ. ಅದು ಆತನ ಮೊದಲ ಕಾದಂಬರಿ. ಇಂಗ್ಲೆಂಡಿನ ಸುಸಾನಾ ಕ್ಲಾರ್ಕ್ ತಮ್ಮ ಮೊದಲ ಕಾದಂಬರಿಗೆ ಸುಮಾರು ಹತ್ತು ವರ್ಷ ದುಡಿದರು. ಅದು ಪ್ರಕಟವಾದದ್ದು 2004ರಲ್ಲಿ. ಆದ್ದರಿಂದ ಬರೆಯುವ ಮಗಳು ಪಿ.ಯು.ಸಿ. ಮುಗಿಸಿಯೇ ಬರೆಯಲಿ. ಪದವಿ ಓದುತ್ತಲೇ ಬರೆದರೂ ಅಡ್ಡಿಯಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುತ್ತ ಬಂದಿದೆ. 35 ವರ್ಷ ಮೀರದವರಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 2011ರಿಂದ ಇದೆ.

ಸದ್ಯಕ್ಕೆ ಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್, ಒಂದು ಪೆನ್ನು, ಚನ್ನಗಿರಿಯ ಕಡೆ ಹೋಗುವ ಬಸ್ಸಿನ ಟಿಕೇಟು. ಕೆರೆಯ ಏರಿಯ ಮೇಲೆ ಸಿಕ್ಕ ಹಿರಿಯರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು, ಯಾವ ಊರಿನವರು, ಯಾರಿಂದ ಕೇಳಿದ್ದು ಎಂಬುದನ್ನೂ ಕೆಳಗೆ ಗುರುತು ಹಾಕಿಕೊಳ್ಳಬೇಕು.