ಬಾನುಲಿಯ ಕಪ್ಪುಪಟ್ಟಿ

ನಮ್ಮ ಕಡೆಯ ಹಳ್ಳಿಗಳಲ್ಲಿ ಹಿಂದೆ ಒಬ್ಬನಿಗೆ ಬಹಿಷ್ಕಾರ ಹಾಕಿದರೆ ಡಂಗುರ ಸಾರುತ್ತಿದ್ದರು. ಅದು ಅನ್ಯಾಯವೇ ಆಗಿದ್ದರೂ, ಹಾಕಿದವರು ಯಾರು, ಹಾಕಿದ್ದು ಏಕೆ ಎಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಬಾನುಲಿಯ ಕಪ್ಪುಪಟ್ಟಿಗೆ ಡಂಗುರವಿಲ್ಲ. ಪಟ್ಟಿಗೆ ಸೇರಿದವನ ಧ್ವನಿ ಒಂದು ದಿನ ನಿಂತುಹೋಗುತ್ತದೆ; ಮನೆಯಲ್ಲಿ ರೇಡಿಯೋ ಹಚ್ಚಿ ಕುಳಿತ ನಿಮಗೆ ಅದರ ಕಾರಣ ತಿಳಿಯುವುದಿಲ್ಲ.

ಅಮೆರಿಕದಲ್ಲಿ ೧೯೫೦ರ ದಶಕದಲ್ಲಿ ಕಮ್ಯುನಿಸ್ಟರೆಂಬ ಬರಿಯ ಶಂಕೆಯಿಂದಲೇ ಅನೇಕ ಕಲಾವಿದರು ಕೆಲಸ ಕಳೆದುಕೊಂಡರು. ಜಾನ್ ಹೆನ್ರಿ ಫಾಕ್ ಎಂಬುವರು ಸಿ.ಬಿ.ಎಸ್. ಸಂಸ್ಥೆಯ ರೇಡಿಯೋದಲ್ಲಿ ವಿನೋದದ ಮಾತುಗಾರರಾಗಿದ್ದರು. ಕಲಾವಿದರ ಸಂಘದಲ್ಲಿ ಅವರು ಇಂಥ ಪಟ್ಟಿಗಳನ್ನು ವಿರೋಧಿಸಿದರು. ೧೯೫೬ರಲ್ಲಿ ‘ಅವೇರ್’ ಎಂಬ ಖಾಸಗಿ ಸಂಸ್ಥೆಯು ಅವರ ಮೇಲೆಯೇ ಆರೋಪಗಳನ್ನು ಅಚ್ಚುಹಾಕಿ ಹಂಚಿತು. ಜಾಹೀರಾತು ಕೊಡುವವರು ಹಿಂಜರಿದರು. ೧೯೫೭ರಲ್ಲಿ ಫಾಕರ ಕೆಲಸ ಹೋಯಿತು. ಅವರು ಎದೆಗೆಡದೆ ಮೊಕದ್ದಮೆ ನಡೆಸಿ ೧೯೬೨ರಲ್ಲಿ ಗೆದ್ದರು. ಜ್ಯೂರಿಯು ೩೫ ಲಕ್ಷ ಡಾಲರ್ ಪರಿಹಾರ ವಿಧಿಸಿತು. ಮೇಲಿನ ನ್ಯಾಯಾಲಯವು ಆ ಮೊತ್ತವನ್ನು ಬಹಳವಾಗಿ ತಗ್ಗಿಸಿತು. ಅವರನ್ನು ಹೊರಹಾಕಿದ ಸಿ.ಬಿ.ಎಸ್. ಸಂಸ್ಥೆಯೇ ಈ ಕಥೆಯನ್ನು ‘ಫಿಯರ್ ಆನ್ ಟ್ರಯಲ್’ ಎಂಬ ಟೆಲಿವಿಷನ್ ನಾಟಕವಾಗಿ ೧೯೭೫ರ ಅಕ್ಟೋಬರ್ ೨ರಂದು ಪ್ರಸಾರಮಾಡಿತು.

ಅದು ಪರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಆ ಗಾಂಧಿ ಜಯಂತಿಯ ದಿನ ನಮ್ಮ ದೇಶದಲ್ಲಿ ತುರ್ತು ಪರಿಸ್ಥಿತಿಯಿತ್ತು. ಮರುವರ್ಷ ಮೇ ೪ರಿಂದ ಕಿಶೋರ್ ಕುಮಾರರ ಹಾಡುಗಳನ್ನು ಆಕಾಶವಾಣಿ, ದೂರದರ್ಶನಗಳಲ್ಲಿ ನಿಲ್ಲಿಸಲಾಯಿತು. ೧೯೭೨ರಲ್ಲಿ ತೆರೆಕಂಡ ‘ಕುಳ್ಳ ಏಜೆಂಟ್ ೦೦೦’ ಚಿತ್ರಕ್ಕೆ ಕನ್ನಡದಲ್ಲಿ ಹಾಡಿ ನಮ್ಮವರೇ ಎನಿಸಿಕೊಂಡಿದ್ದ ಗಾಯಕರು ಅವರು. ಅವರು ಮಾಡಿದ ತಪ್ಪಾದರೂ ಏನು? ಸರ್ಕಾರದ ೨೦ ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆ ಸಹಕರಿಸಲಿಲ್ಲವೆಂಬುದು! ಕೊಪ್ಪಳದಲ್ಲಾಗಲಿ ಗಂಗಾವತಿಯಲ್ಲಾಗಲಿ ಚಿತ್ರಗೀತೆಗೆ ಕಿವಿಗೊಟ್ಟವರಿಗೆ ಬೇರೆ ಹಾಡು ಕೇಳಿಸಿತು, ಕೊರತೆ ಕಾಣಲಿಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ, ೧೯೭೭ರಲ್ಲಿ ನೇಮಕವಾದ ಶಾ ಆಯೋಗದ ವಿಚಾರಣೆಯಿಂದ ಆ ಆಜ್ಞೆಯ ವಿವರಗಳು ಬೆಳಕಿಗೆ ಬಂದವು.

ಎರಡು ಪ್ರಸಂಗಗಳಿಗೂ ಒಂದು ಭೇದವಿದೆ. ಅಲ್ಲಿ ಗಂಟಲು ಹಿಡಿದದ್ದು ವ್ಯಾಪಾರದ ಅಂಜಿಕೆ, ಇಲ್ಲಿ ಅಧಿಕಾರದ ಮುನಿಸು. ಆದರೆ ಎರಡಕ್ಕೂ ಬಲ ಬಂದದ್ದು ಗುಟ್ಟಿನಿಂದ. ಎರಡೂ ಸೋತದ್ದು ಸಾಕ್ಷಿಗಳು ಬಹಿರಂಗವಾಗಿ ನುಡಿದಾಗ.

ಬಾನುಲಿಗೆ ಸ್ವಾಯತ್ತತೆ ನೀಡಲು ೧೯೯೦ರಲ್ಲಿ ಪ್ರಸಾರ ಭಾರತಿ ಕಾಯಿದೆಯಾಯಿತು; ೧೯೯೭ರಲ್ಲಿ ಅದು ಜಾರಿಗೆ ಬಂದಿತು. ಕಾಯಿದೆ ಬೇಕು, ನಿಜ. ಆದರೆ ಕಾಯಿದೆಗೆ ಕಿವಿಯಿಲ್ಲ, ಕಿವಿಯಿರುವುದು ನಿಮಗೆ. ಕುಷ್ಟಗಿಯಲ್ಲಿರಲಿ, ಯಲಬುರ್ಗಾದಲ್ಲಿರಲಿ, ನೀವು ಮೆಚ್ಚಿದ ಧ್ವನಿಯೊಂದು ಕಾರಣವಿಲ್ಲದೆ ಮರೆಯಾದರೆ ನಿಲಯಕ್ಕೆ ಒಂದು ಕಾರ್ಡು ಬರೆಯಿರಿ: “ಅವರೇಕೆ ಈಚೆಗೆ ಕೇಳಿಬರುತ್ತಿಲ್ಲ?” ಉತ್ತರ ಸಾಧಾರಣವಾದದ್ದೇ ಇರಬಹುದು, ಗಾಯಕರಿಗೆ ನೆಗಡಿಯೂ ಆಗಿರಬಹುದು! ಆದರೂ ಕೇಳುವವರಿದ್ದಾರೆಂಬ ತಿಳಿವು ನಿಲಯದವರಿಗಿರಲಿ. ಶ್ರೋತೃವಿನ ಧರ್ಮ ಕೇಳುವುದು. ಆ ಮಾತಿಗೆ ಆಲಿಸು ಎಂಬುದೊಂದೇ ಅಲ್ಲ, ಪ್ರಶ್ನಿಸು ಎಂಬ ಅರ್ಥವೂ ಕನ್ನಡದಲ್ಲಿ ಉಂಟು.