ಕುಂಟುವ ಕೋಳಿ

ಕಥೆ, ಕವಿತೆ, ಪುಸ್ತಕ ಪರಿಚಯಗಳ ನಡುವೆ ಈ ಸಲ ಕೋಳಿಯ ಮಾತು ಬಂತೆಂದು ಓದುಗರು ಹುಬ್ಬೇರಿಸಬಾರದು. ಪಿನ್ನರ್‌ನಂಥ ಹಿತ್ತಿಲುಳ್ಳ ಬಡಾವಣೆಗಳಲ್ಲಿ ಮೂರು-ನಾಲ್ಕು ಕೋಳಿ ಸಾಕುವುದು ಈಗ ಅಪರೂಪವೇನಲ್ಲ. 2004ರಲ್ಲಿ ‘ಎಗ್ಲು’ ಎಂಬ ಬಣ್ಣದ ಪ್ಲಾಸ್ಟಿಕ್ ಗೂಡು ಬಂದಮೇಲೆ ಈ ಹವ್ಯಾಸ ಪೇಟೆಯವರಿಗೂ ಹತ್ತಿತು. ಮರುವರ್ಷ ಶುರುವಾದ ಸಂಸ್ಥೆಯೊಂದು, ಇಂದಿನ ಬ್ರಿಟಿಷ್ ಹೆನ್ ವೆಲ್‌ಫೇರ್ ಟ್ರಸ್ಟ್, ಫಾರಂಗಳಲ್ಲಿ ಮೊಟ್ಟೆಯಿಟ್ಟು ಸವೆದ ಕೋಳಿಗಳನ್ನು ಮನೆಗಳಿಗೆ ಸಾಕಲು ಕೊಡುತ್ತಾ ಬಂದಿದೆ.

ಊರಲ್ಲಿ ಕೋಳಿ ಕುಂಟಿದರೆ ಅಜ್ಜಿಯರು ಬುಟ್ಟಿ ಕವುಚಿ ಎರಡು ದಿನ ನೋಡುತ್ತಿದ್ದರು. ಮೂರನೆಯ ದಿನವೂ ಏಳದಿದ್ದರೆ ಸಾರು. ಇಲ್ಲಿ ಕೋಳಿಗೆ ಮಕ್ಕಳು ಇಟ್ಟ ಹೆಸರಿರುತ್ತದೆ, ಸಾರಿನ ಮಾತೆತ್ತುವಂತಿಲ್ಲ. ಆದರೆ ಬುಟ್ಟಿಯ ಕ್ರಮ ಇಂದಿಗೂ ಸರಿ. ಮೊದಲು ಬೇರೆ ಇಡಬೇಕು. ರೋಗ ಹರಡಬಾರದೆಂದಷ್ಟೇ ಅಲ್ಲ. ನಿಶ್ಶಕ್ತವಾದದ್ದನ್ನು ಉಳಿದ ಕೋಳಿಗಳು ಕುಕ್ಕಿ ಹಣ್ಣು ಮಾಡುತ್ತವೆ.

ಆಮೇಲೆ ಕೈಗವಸು ಹಾಕಿಕೊಂಡು ಅಂಗಾಲು ನೋಡಿ. ಅಂಗಾಲು ಊದಿ ನಡುವೆ ಕರಿ ಹೆಪ್ಪಳಿಕೆ ಕಂಡರೆ ಅದು ‘ಬಂಬಲ್‌ಫುಟ್’. ಎತ್ತರದ ಕೋಲಿನಿಂದ ಧುಮುಕಿ ಆದ ಸಣ್ಣ ಗಾಯಕ್ಕೆ ಸ್ಟೆಫಿಲೊಕಾಕಸ್ ಸೇರಿ ಕೀವಾಗಿರುತ್ತದೆ. ಚಳಿಗಾಲವಿಡೀ ಕೆಸರಾಗಿರುವ ಇಲ್ಲಿನ ಜೇಡಿಮಣ್ಣಿನ ಹಿತ್ತಿಲಲ್ಲಿ ಇದು ಸುಲಭ. ಅಡುಗೆಮನೆಯ ಚಾಕುವಿನಿಂದ ಕೊಯ್ಯುವ ಸಾಹಸ ಬೇಡ, ಅದು ವೈದ್ಯರ ಕೆಲಸ. ನಿಮ್ಮ ಪಾಲಿನದು ಕೋಲನ್ನು ತಗ್ಗಿಸುವುದು, ನೆಲಕ್ಕೆ ಒಣ ಹಾಸು ಹಾಕುವುದು. ಕಾಲಿನ ಹುರುಪೆಗಳು ಎದ್ದು ಒರಟಾಗಿದ್ದರೆ ನುಸಿಯ ಕಾಟ. ನಿಧಾನ, ಆದರೆ ವಾಸಿಯಾಗುವಂಥದ್ದು.

ಕಾಲು ಚೊಕ್ಕಟವಾಗಿದ್ದೂ ಕೋಳಿ ನಿಲ್ಲಲಾರದಿದ್ದರೆ ವಯಸ್ಸು ಕೇಳಬೇಕು. ಫಾರಂನಿಂದ ಬಂದ ಹೇಂಟೆಯಾದರೆ ಮೊದಲ ಅನುಮಾನ ಮೂಳೆಯ ಮೇಲೆ, ಇಲ್ಲವೆ ಒಳಗೆ ಸಿಕ್ಕಿಕೊಂಡ ಮೊಟ್ಟೆಯ ಮೇಲೆ. ಒಂದೊಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಮೇವಿನಲ್ಲಿ ಸಾಲದಿದ್ದರೆ ಕೋಳಿ ಅದನ್ನು ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ನಮ್ಮ ಮನೆಗಳಲ್ಲಿ ಮಿಕ್ಕ ಅನ್ನ ಹಾಕುವ ಅಭ್ಯಾಸ ಇಲ್ಲಿ ಎರಡು ರೀತಿಯಲ್ಲಿ ತಪ್ಪು. ಅನ್ನ ಹೊಟ್ಟೆ ತುಂಬಿಸಿ, ಬೇಕಾದ ಮೇವನ್ನು ದೂರವಿಡುತ್ತದೆ. ಜೊತೆಗೆ ಅಡುಗೆಮನೆ ಹೊಕ್ಕ ಪದಾರ್ಥವನ್ನು ಕೋಳಿಗೆ ಹಾಕುವುದು ಇಲ್ಲಿ ಕಾನೂನುಬಾಹಿರ. ಹಾಲು-ಮೊಸರೂ ಕಾಣದ ಅಪ್ಪಟ ವೀಗನ್ ಮನೆಗೆ ಮಾತ್ರ ವಿನಾಯಿತಿ. ಮಜ್ಜಿಗೆಯಿಲ್ಲದೆ ಊಟ ಮುಗಿಸದ ನಾವು ಆ ಲೆಕ್ಕಕ್ಕೆ ಬರುವುದಿಲ್ಲ!

ಇನ್ನೂ ಎಳೆಯ ಕೋಳಿ, ಮೂರು-ನಾಲ್ಕು ತಿಂಗಳಿನದು, ಗಾಯವಿಲ್ಲದೆ ಕುಂಟಿತೆಂದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬಿದ್ದಿದೆ, ಕಣ್ಣಲ್ಲಿ ಹೊಳಪಿದೆ, ಮೇವಿಟ್ಟರೆ ತಿನ್ನುತ್ತದೆ, ಏಳಲಾರದು. ಇದು ಬಹುಮಟ್ಟಿಗೆ ಮಾರೆಕ್ ರೋಗದ ಚಿತ್ರ. 1907ರಲ್ಲಿ ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ ಇದನ್ನು ವಿವರಿಸಿದರು. ಕಾರಣ ಹರ್ಪಿಸ್ ಗುಂಪಿನ ವೈರಸ್ ಎಂದು 1967ರಲ್ಲಿ ಕಂಡುಹಿಡಿದದ್ದು ಇಲ್ಲೇ, ಹಂಟಿಂಗ್‌ಡನ್ ಬಳಿಯ ಹೌಟನ್ ಕೋಳಿ ಸಂಶೋಧನಾ ಕೇಂದ್ರದ ಚರ್ಚಿಲ್ (ಆ ಚರ್ಚಿಲ್ ಅಲ್ಲ) ಮತ್ತು ಬಿಗ್ಸ್. ಬೆನ್ನಿಗೇ ಅಲ್ಲಿ ತಯಾರಾದ ಲಸಿಕೆ, ಯಾವುದೇ ಜೀವಿಯಲ್ಲಿ ಕ್ಯಾನ್ಸರ್ ತಡೆದ ಮೊದಲ ಲಸಿಕೆಗಳಲ್ಲೊಂದು. ವೈರಸ್ ನರಗಳನ್ನು ಊದಿಸುತ್ತದೆ, ಗಡ್ಡೆ ಬೆಳೆಸುತ್ತದೆ. ಮನುಷ್ಯರಿಗೆ ತಗಲುವುದಿಲ್ಲ. ಕೋಳಿಗೆ ಮದ್ದಿಲ್ಲ.

ಲಸಿಕೆಯನ್ನು ಮರಿ ಒಡೆದು ಬಂದ ದಿನವೇ ಹಾಕಬೇಕು. ಫಾರಂ ಕೋಳಿಗಳಿಗೆ ಹಾಕಿರುತ್ತಾರೆ. ಹವ್ಯಾಸಿಗಳು ಮಾರುವ ರೇಷ್ಮೆಯಂಥ ಪುಕ್ಕದ ಸಿಲ್ಕಿಗಳಿಗೆ ಹಾಕದೆ ಇರುವುದೇ ಹೆಚ್ಚು, ಅವು ಈ ರೋಗಕ್ಕೆ ಬೇಗ ತುತ್ತಾಗುವ ಜಾತಿಯೂ ಹೌದು. ಆದ್ದರಿಂದ ಮಕ್ಕಳು ಅಂದಕ್ಕೆ ಮರುಳಾಗುವ ಮುಂಚೆ ಮಾರುವವರನ್ನು ‘ಮಾರೆಕ್ ಲಸಿಕೆ ಆಗಿದೆಯೆ?’ ಎಂದು ಕೇಳಿ. ಲಸಿಕೆ ಗಡ್ಡೆಯನ್ನು ತಡೆಯುತ್ತದೆ, ಸೋಂಕನ್ನಲ್ಲ ಎಂಬುದೂ ನೆನಪಿರಲಿ. ವೈರಸ್ ಪುಕ್ಕದ ಧೂಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಒಂದು ಸತ್ತಿತೆಂದು ಉಳಿದವನ್ನು ಕೊಲ್ಲುವುದರಲ್ಲಿ ನನಗೆ ಅರ್ಥ ಕಾಣದು: ಅವಕ್ಕೆ ಆಗಲೇ ಸೋಂಕು ತಗಲಿರುತ್ತದೆ, ಎಷ್ಟೋ ಕೋಳಿಗಳು ಏನೂ ಆಗದೆ ಬದುಕುತ್ತವೆ. ಅವನ್ನು ಇನ್ನೊಬ್ಬರಿಗೆ ಕೊಡಬೇಡಿ, ಲಸಿಕೆಯಿಲ್ಲದ ಮರಿಗಳನ್ನು ಅದೇ ಗೂಡಿಗೆ ತರಬೇಡಿ. ಬಿದ್ದ ಕೋಳಿಯನ್ನು ಮಾತ್ರ ವಾರಗಟ್ಟಲೆ ಕೈತುತ್ತು ಹಾಕಿ ಎಳೆದಾಡಿಸುವುದಕ್ಕಿಂತ ವೈದ್ಯರಿಂದ ನೋವಿಲ್ಲದೆ ಕಳಿಸಿಕೊಡುವುದೇ ದಯೆ. ಮಕ್ಕಳಿಗೂ ಇದನ್ನು ಮುಚ್ಚಿಡದೆ ಹೇಳಬಹುದು.

ಕುಂಟಿನ ಜೊತೆ ಕತ್ತು ತಿರುಚಿಕೊಂಡಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ, ಜುಟ್ಟು ನೀಲಿಗಟ್ಟಿದ್ದರೆ, ಒಂದರ ಹಿಂದೆ ಒಂದು ದಿಢೀರನೆ ಸತ್ತರೆ, ಅದು ಮನೆಯೊಳಗಿನ ವಿಷಯವಾಗಿ ಉಳಿಯುವುದಿಲ್ಲ. ಹಕ್ಕಿಜ್ವರ ಮತ್ತು ನಮ್ಮಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್, ಎರಡನ್ನೂ ಅನುಮಾನ ಬಂದ ಕೂಡಲೇ ವರದಿ ಮಾಡುವುದು ಕಡ್ಡಾಯ. ಇಂಗ್ಲೆಂಡಿನಲ್ಲಿ ಸಂಖ್ಯೆ 03000 200 301. ಈ ಎರಡನೆಯ ರೋಗ 1926ರಲ್ಲಿ ನ್ಯೂಕಾಸಲ್ ಬಳಿ ಕಂಡು ಇಲ್ಲಿ ಆ ಊರಿನ ಹೆಸರು ಪಡೆಯಿತು, ಭಾರತದಲ್ಲಿ ರಾಣಿಖೇತ್‌ನದು. ನಮ್ಮ ಹಾಗೆಯೇ ಎರಡು ಊರಿನ ವಿಳಾಸ!

2022ರ ನವೆಂಬರ್ 7ರಿಂದ 2023ರ ಏಪ್ರಿಲ್ 18ರವರೆಗೆ ಹಕ್ಕಿಜ್ವರದಿಂದಾಗಿ ಇಂಗ್ಲೆಂಡಿನ ಸಾಕುಕೋಳಿಗಳಿಗೆಲ್ಲ ಗೃಹಬಂಧನವಿತ್ತು. 2024ರ ಅಕ್ಟೋಬರ್ 1ರಿಂದ ಹಿತ್ತಿಲಲ್ಲಿ ಒಂದೇ ಕೋಳಿಯಿದ್ದರೂ ಸರ್ಕಾರದಲ್ಲಿ ನೋಂದಾಯಿಸಬೇಕು; ಮುಂಚೆ ಐವತ್ತಿದ್ದರೆ ಮಾತ್ರ. ಪಿನ್ನರ್ ಮೆಮೋರಿಯಲ್ ಪಾರ್ಕಿನ ಕೊಳದ ಬಾತುಗಳನ್ನು ನೋಡಿ ಬಂದ ಬೂಟಿನಲ್ಲೇ ಗೂಡಿಗೆ ಹೋಗದಿರಿ. ಮೇವಿನ ಬಟ್ಟಲಿಗೆ ಮೇಲೆ ಸೂರಿರಲಿ.

ವೈದ್ಯರಿಗೆ ಫೋನ್ ಮಾಡುವಾಗ ‘ಕೋಳಿ ನೋಡುತ್ತೀರಾ?’ ಎಂದು ಮೊದಲೇ ಕೇಳಿ, ನಾಯಿ-ಬೆಕ್ಕಿಗಷ್ಟೇ ಒಗ್ಗಿದವರೂ ಇರುತ್ತಾರೆ. ಔಷಧಿ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಬರೆಸಿಕೊಳ್ಳಿ. ಸತ್ತ ನಾಯಿಯನ್ನು ಸ್ವಂತ ತೋಟದಲ್ಲಿ ಹೂಳಬಹುದು, ಕೋಳಿಯನ್ನು ಹೂಳುವಂತಿಲ್ಲ. ಎಷ್ಟೇ ಮುದ್ದಿನದಾದರೂ ಕಾನೂನಿಗೆ ಅದು ಆಹಾರದ ಪ್ರಾಣಿ. ಅದರ ವಿಲೇವಾರಿಯನ್ನೂ ವೈದ್ಯರಲ್ಲೇ ವಿಚಾರಿಸಿ.